ದೊರೆಸಾನಿ ಬುಕ್ಕು ಒಲೆಗೆ ಬೀಳ್ಲಿಲ್ಲ

ನಿಮ್ಮನೇಲಿ ಕಬ್ಣದ ಟ್ರಂಕು ಅದಾ? ಅದ್ರ ತಳದಲ್ಲಿ, ಧಾರೆ ಸೀರೆ ಕೆಳ್ಗೆ, ಯಾರ್ಗೂ ಗೊತ್ತಿಲ್ದಂಗೆ ಏನ್ ಮಡುಗಿದ್ದೀರ? ಬ್ಯಾಡ ಬುಡಿ, ಹೇಳ್ಬ್ಯಾಡಿ. ನಂದೇ ಮೊದ್ಲು ಹೇಳ್ಬುಡ್ತೀನಿ. ನನ್ ಟ್ರಂಕಲ್ಲಿ ನಲವತ್ತೇಳು ವರ್ಸ ಒಂದು ಬುಕ್ಕಿತ್ತು. ನಂದಲ್ಲ, ನಮ್ ನಾದಿನಿ ಸುಸೀಲಿದು. ಕದ್ದೋಳು ನಾನು. ಬುಕ್ಕ ಒಲೆಗಾಕುದ್ರು ಅಂತ ಆ ತಪ್ಪ ನಮ್ಮತ್ತೆ ಮ್ಯಾಲೆ ಹೊರ್ಸ್ದೋಳೂ ನಾನೇ. ನಮ್ಮತ್ತೆ ಅದ ಹೊತ್ಕೊಂಡೇ ಸತ್ತೋದ್ರು — ಹೊತ್ಕೊಂಡಿವ್ನಿ ಅಂತ್ಲೂ ಗೊತ್ತಿಲ್ದೆ.

ಇದ್ನೆಲ್ಲ ಫೋನಲ್ಲಿ ಒಂದೇ ಬೆಳ್ಳಲ್ಲಿ ಕುಟ್ತಾ ಇವ್ನಿ. ಮೊಮ್ಮಗಳು ಚೈತ್ರ ಕಲ್ಸುದ್ಳು. ಒಂದು ಒತ್ತಕ್ಷರ ಹುಡ್ಕೋ ಹೊತ್ಗೆ ನಾಕು ಮುದ್ದೆ ಕಟ್ಬೋದು. ಆದ್ರೂ ಬುಡಾಕಿಲ್ಲ. ಎಪ್ಪತ್ತು ವರ್ಸದೋಳ್ಗೆ ಇನ್ನೇನ್ ಕೆಲ್ಸ?

ಮೊದ್ಲಿಂದ ಹೇಳ್ತೀನಿ.

ನಾನು ನಾಗಮಂಗಲದ ಕಡೆ ಹುಡುಗಿ. ಪಾಂಡವಪುರದ ತಾವ ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದೆ. ನಮ್ಮಾವಂದು ಕಬ್ಬಿನ ಗದ್ದೆ, ಒಂದು ಆಲೆಮನೆ. ಗಂಡನ ತಂಗಿ ಸುಸೀಲಿ ನಂಗಿಂತ ನಾಕು ವರ್ಸ ಚಿಕ್ಕೋಳು. ಅವ್ಳ ಕೈಲಿ ಸೂಜಿ ಇದ್ರೆ ಅದು ಮಾತಾಡ್ತಿತ್ತು. ಯಾರೂ ಕಲಿಸ್ನಿಲ್ಲ. ಹಳೇ ರವಿಕೆ ಬಿಚ್ಚಿ, ಪೇಪರ್ ಮ್ಯಾಲೆ ಹಾಸ್ಕೊಂಡು, ಅಂಗೇ ಗೆರೆ ಎಳ್ಕೊಂಡು ಕತ್ರಿಸೋಳು. ಸೊಂಟಕ್ಕೆ ಸಿಗ್ಸ್ಕೊಂಡಿರೋ ಚೀಲದಲ್ಲಿ ಸೂಜಿ-ದಾರ ಯಾವಾಗ್ಲೂ ಇರ್ಬೇಕು. ನಾವಿಬ್ರೂ ಅತ್ತಿಗೆ ನಾದಿನಿ ಅಂತ ಯಾರೂ ಅನ್ನೋರಲ್ಲ, ಜೋಡಿ ಎತ್ತು ಅನ್ನೋರು.

ಒಂದ್ಸಲ ಸಂಗಮದಲ್ಲಿ ಮುಳುಗಿ ಬರಾಕೆ ಅಂತ ಶ್ರೀರಂಗಪಟ್ಟಣಕ್ಕೆ ಹೋದೊ. ವಾಪಸ್ ಬರ್ತಾ ದರಿಯಾ ದೌಲತ್ ನೋಡ್ಕೊಂಡೋಗಾನ ಅಂತ ನುಗ್ಗುದೊ. ಅಲ್ಲಿ ಗೋಡೆ ತುಂಬಾ ಯುದ್ಧದ ಚಿತ್ರ ಅವಲ್ಲ — ಆನೆ, ಕುದ್ರೆ, ಟೋಪಿ ಹಾಕ್ಕೊಂಡಿರೋ ಫ್ರೆಂಚ್ ಸಿಪಾಯ್ಗಳು — ಅದ್ರ ಮುಂದೆ ಒಬ್ಳು ಬಿಳೀ ಹೆಂಗ್ಸು ನೆಲದ್ ಮ್ಯಾಲೆ ಚಕ್ಕಂಬಕ್ಕಳ ಹಾಕ್ಕೊಂಡು, ಆ ಸಿಪಾಯ್ಗಳ ಕೋಟಿನ ಗುಂಡಿಯ ಪೆನ್ಸಿಲ್ನಲ್ಲಿ ಬರ್ಕೊತಾ ಕುಂತಿದ್ಳು. ಎದ್ದಾಗ ಅವ್ಳ ಲಂಗದ ಅಂಚು ಮೆಟ್ಲಿಗೆ ಸಿಕ್ಕಿ ಪರ್‌ ಅಂತ ಹರುದೋಯ್ತು.

ಮೊದ್ಲು ಮಾತಾಡ್ಸಿದ್ದು ನಾನು. ಏನಂತ ಮಾತಾಡ್ಸೋದು? ನಂಗೆ ಗೊತ್ತಿದ್ದ ಪರದೇಶದ ಪದ ಒಂದೇ. ನಮ್ಮತ್ತೆ ಸಾಯೋಗಂಟ ಪಾಂಡವಪುರನ ಹಳೇ ಹೆಸ್ರಲ್ಲಿ ಫ್ರೆಂಚ್ ರಾಕ್ಸ್ ಅಂತ್ಲೇ ಕರೀತಿದ್ರು. ಹಿಂದೆ ಫ್ರೆಂಚ್ ದೇಶದ ಸಿಪಾಯ್ಗಳು ಅಲ್ಲಿ ಬಂಡೆ ತಾವ ಠಾಣ್ಯ ಹೂಡಿದ್ರಂತೆ. ನಾನು ಎದೆ ಮುಟ್ಕೊಂಡು, “ನಮ್ದು ಫ್ರೆಂಚ್ ರಾಕ್ಸ್!” ಅಂದೆ. ಅವ್ಳು ಕಣ್ಣರಳಿಸಿ ನಕ್ಕಿದ್ದು ನೋಡ್ಬೇಕಿತ್ತು — ದೂರದ ನೆಂಟ್ರು ಸಿಕ್ದಂಗೆ! ಸುಸೀಲಿ ಅಷ್ಟ್ರಲ್ಲಿ ಕೂತು, ಅವ್ಳ ಲಂಗ ಹಿಡುದು, ಹರುಕಿನ ಗುರ್ತೇ ಕಾಣ್ದಂಗೆ ಹೊಲ್ದುಬುಟ್ಟಿದ್ಳು.

ಆ ದೊರೆಸಾನಿ ಚೀಲದಿಂದ ಒಂದು ಬುಕ್ಕ ತಗುದ್ಳು. ಅವ್ರ ದೇಶದ ಹಳೇ ಕಾಲದ ಚಿತ್ರಗಳು, ಉಡುಪು. ಸುಸೀಲಿ ಕೈಗೆ ಕೊಟ್ಳು. ನನ್ ಕೈಗಲ್ಲ.

ಇಷ್ಟೇ. ಇಲ್ಲಿಂದ್ಲೇ ಸುರುವಾಗಿದ್ದು. ಮಾತಾಡ್ಸಿದ್ದು ನಾನು, ನಗ್ಸಿದ್ದು ನಾನು, ಬುಕ್ಕು ಅವ್ಳಿಗೆ. ಬಸ್ನಲ್ಲಿ ಕಿಟ್ಕಿ ಕಡೆ ಮೊಕ ತಿರುಗಿಸ್ಕೊಂಡು ಕುಂತೆ. ಆ ಹುಡುಗಿ ಬುಕ್ಕ ನನ್ ತೊಡೆ ಮ್ಯಾಲೇ ಇಟ್ಟು, “ನೀನು ಮೊದ್ಲು ನೋಡತ್ಗೆ” ಅಂದ್ಳು. ಅದ್ಕೂ ಸಿಟ್ಟು ಬಂತು ನಂಗೆ.

ಆ ಬುಕ್ನಲ್ಲಿ ಏನಿತ್ತು ಅಂತೀರ! ತಲೆ ಮ್ಯಾಲೆ ಗೋಪುರದಂಗೆ ಕೂದ್ಲು ಕಟ್ದೋರು. ಬಾಗ್ಲಲ್ಲಿ ನೇರ ಬರಾಕಾಗ್ದಷ್ಟು ಅಗಲದ ಲಂಗದೋರು. ಅವ್ರಿಗಿಂತ ನಂಗೆ ಇಷ್ಟ ಆಗ್ತಿದ್ದೋರು ಬ್ಯಾರೆ — ಗಡ್ಡೆ ಸಿಪ್ಪೆ ಸುಲೀತಾ ಕುಂತಿರೋ ಅಡ್ಗೆಯೋಳು, ತೋಳು ಮಡುಚ್ಕೊಂಡು ಬಟ್ಟೆ ಒಗ್ಯೋಳು, ದೊಡ್ಡ ಬಟ್ಟಲನ್ನ ಎರಡು ಕೈಯಲ್ಲೂ ಹಿಡ್ಕೊಂಡು ಏನೋ ಬಿಸೀದು ಕುಡಿಯೋ ಮುದ್ಕಿ. ಅಲ್ಲೂ ಹೆಂಗಸ್ರು ನಮ್ಮಂಗೇ ಕುಕ್ಕರುಗಾಲಲ್ಲಿ ಕೂತು ಮೀನು ತೊಳೀತಾರೆ ಅಂತ ಗೊತ್ತಾದಾಗ ಆದ ಖುಸಿ — ಎಂಗೆ ಹೇಳ್ಲಿ.

ಅದೇ ವರ್ಸ ನಮ್ಮಣ್ಣನ ಮದ್ವೆ ಬಂತು. ನಾನೇ ಬುಕ್ ತೋರ್ಸಿ ಹಟ ಮಾಡ್ದೆ, ಇಂಥದ್ದೇ ತೋಳು ಬೇಕು ನಂಗೆ ಅಂತ. ಮೊಣಕೈ ತಾವ ಮೂರು ಅಂತಸ್ತು ಜಾಲರಿ ಇಳಿಬಿದ್ದಿರೋ ತೋಳು. ಸುಸೀಲಿ ಹದಿನೈದು ದಿನ ಕೂತು ಹೊಲುದ್ಳು. ಜಾಲರಿಗೆ ಬಟ್ಟೆ ಸಿಕ್ನಿಲ್ಲ ಅಂತ ಹೊಸಾ ಸೊಳ್ಳೆಪರದೆ ಕತ್ರಿಸಿ, ನಿರಿಗೆ ಹಿಡುದು, ಒಂದೊಂದು ಹೊಲಿಗೇನೂ ಬಿಗಿಯಾಗಿ ಹಾಕುದ್ಳು. ಕನ್ನಡಿ ಮುಂದೆ ನಿಂತ್ರೆ ನಾನು ನಾನಲ್ಲ!

ನಾಗಮಂಗಲದಲ್ಲಿ ಧಾರೆ ಮುಗೀತು. ಊಟಕ್ಕೆ ಪಂಕ್ತೀಲಿ ಕುಂತೆ. ಅನ್ನ ಬಂತು, ಸಾರು ಬಂತು. ಕಲ್ಸಾಕೆ ಅಂತ ಕೈ ಹಾಕ್ದೆ ನೋಡಿ — ಮೂರು ಅಂತಸ್ತೂ ಎಲೆ ಒಳಕ್ಕೆ ಇಳುದ್ವು! ಎತ್ತುದ್ರೆ ಸಾರು ಮೊಣಕೈಯಿಂದ ಮಡ್ಲಿಗೆ ಸುರೀತು. ಪಾಯ್ಸ ಬಂದಾಗ ಎಡಗೈಲಿ ಜಾಲರಿ ಎತ್ತಿ ಹಿಡ್ಕೊಂಡೆ. ಎಡಗೈದು ಪಕ್ಕದೋಳ ಎಲೆಗೆ ಬಿತ್ತು.

“ಏನವ್ವಾ, ಮೊಣಕೈಗೆ ಎಲೆಕೋಸು ಕಟ್ಕೊಂಡು ಬಂದಿದ್ದೀಯ?” ಅಂದ್ರು ನಮ್ ಸೋದ್ರತ್ತೆ. ಪಂಕ್ತಿ ಪಂಕ್ತೀನೇ ಬಿದ್ದು ಬಿದ್ದು ನಗ್ತು. ಈಗ ನೆನುಸ್ಕೊಂಡ್ರೆ ನಂಗೂ ನಗು. ಅವತ್ತು ಬರ್ನಿಲ್ಲ. ತೌರಲ್ಲಿ, ನಮ್ಮೋರೆಲ್ರ ಮುಂದೆ...

ಊರಿಗೆ ಬಂದ್ಮ್ಯಾಲೆ ಸುಸೀಲಿ, “ಎಲ್ಲೋ ತಪ್ಪು ಮಾಡಿವ್ನಿ ಅತ್ಗೆ. ಆ ದೇಶದೋರೂ ಊಟ ಮಾಡ್ತಾರಲ್ವಾ? ಬುಕ್ ಕೊಡು, ಇನ್ನೊಂದ್ಸಲ ಸರಿಯಾಗಿ ನೋಡ್ತೀನಿ” ಅಂತ ಕೇಳುದ್ಳು. ಪಂಕ್ತೀಲಿ ಆದ ಅವಮಾನದ ಸಿಟ್ಗೆ ಬುಕ್ಕ ಆಗ್ಲೇ ನನ್ ಟ್ರಂಕಿಗೆ ಸೇರ್ಸ್ಬುಟ್ಟಿದ್ದೆ. ಬಾಯಿಗೆ ಬಂದಿದ್ದು ಇದು —

“ನಿಮ್ಮವ್ವ ಆಲೆಮನೆ ಒಲೆಗಾಕ್ಬುಟ್ರು. ನಾನು ಕಣ್ಣಾರೆ ನೋಡ್ದೆ.”

ಅವ್ಳು ನಂಬುದ್ಳು. ಯಾಕಂದ್ರೆ ನಮ್ಮತ್ತೆ ಅದ್ಕೆ ಎರಡು ದಿನ ಮುಂಚೆ, ಕಸ ಗುಡ್ಸ್ದೆ ಬುಕ್ ನೋಡ್ತಾ ಕುಂತಿದ್ದೋಳ್ಗೆ, “ಆ ದೊರೆಸಾನಿ ಬುಕ್ಕ ಒಲೆಗಾಕ್ತೀನಿ ನೋಡ್ತಿರು” ಅಂತ ಗದರಿದ್ರು. ಗದರಿದ್ದು, ಅಷ್ಟೇ. ಆಲೆಮನೆ ಒಲೆ ಅಂದ್ರೆ ಗೊತ್ತಲ್ಲ, ಒಣಗಿದ ಕಬ್ಬಿನ ಸಿಪ್ಪೆ ಹಾಕಿ ಹಗ್ಲೂ ರಾತ್ರೀನೂ ಉರ್ಸೋ ಬೆಂಕಿ. ಅದ್ರೊಳಗೆ ಬಿದ್ದಿದ್ದು ಏನು, ಬೀಳ್ದೆ ಇದ್ದಿದ್ದು ಏನು ಅಂತ ಬೂದಿ ಕೆದುಕಿ ನೋಡೋರುಂಟಾ?

ಸುಸೀಲಿ ತಾಯಿ ತಾವ ಒಂದ್ ಮಾತೂ ಕೇಳ್ನಿಲ್ಲ. ಜಗಳ ಆಡಿದ್ರೆ ನಾನು ಅವತ್ತೇ ಸಿಕ್ಕಾಕೊತಿದ್ದೆ. ಸೂಜಿ ಚೀಲ ಸೊಂಟದಿಂದ ಬಿಚ್ಚಿ ಗೂಟಕ್ಕೆ ತಗುಲಾಕುದ್ಳು. ಶ್ರೀರಂಗಪಟ್ಟಣದಲ್ಲಿ ಟೈಲರಿಂಗ್ ಕ್ಲಾಸಿಗೆ ಸೇರ್ಸಾನ ಅಂತ ನಮ್ಮಾವ ಓಡಾಡ್ತಿದ್ರು. “ಬ್ಯಾಡ ಅಪ್ಪ” ಅಂದ್ಳು. ಮುಂದಿನ ವರ್ಸ ಕೆ.ಆರ್. ಪೇಟೆ ತಾಲೂಕಿನ ಶೀಳನೆರೆಗೆ ಕೊಟ್ಟು ಮದ್ವೆ ಮಾಡುದ್ರು. ಹಬ್ಬಕ್ಕೆ ಬರೋಳು, ಉಣ್ಣೋಳು, ಹೋಗೋಳು. ತಾಯಿ ಮೊಕ ನೋಡಿ ಮಾತಾಡ್ನಿಲ್ಲ.

ಈಗ ಬರೀಬೇಕಾದ್ದು ಇದೊಂದದೆ, ಬೆಳ್ಳೇ ಏಳ್ತಾ ಇಲ್ಲ —

ನಮ್ಮತ್ತೆ ಕೊನೇ ಸಲ ಮಲಗ್ದಾಗ ಗಂಜಿ ಕುಡಿಸ್ತಾ ಇದ್ದೆ. ನನ್ ಮಣಿಕಟ್ಟು ಹಿಡ್ಕೊಂಡು ಕೇಳುದ್ರು: “ಸುಸೀಲಿಗೆ ನಾನೇನ್ ಅನ್ಯಾಯ ಮಾಡ್ದೆ ಕನವ್ವ? ನಿಂಗೇನಾರ ಗೊತ್ತಾ?”

“ನಂಗೇನ್ ಗೊತ್ತತ್ತೆ” ಅಂದೆ.

ಗಂಜಿ ಕುಡ್ಸುದೆ. ಬಾಯಿ ಒರ್ಸುದೆ. ಸುಸೀಲಿ ಹೊರ್ಗಡೆ ಜಗ್ಲಿ ಮ್ಯಾಲೇ ಕುಂತಿದ್ಳು. ಎದ್ದು ಹತ್ತು ಹೆಜ್ಜೆ ನಡುದಿದ್ರೆ ಸಾಕಿತ್ತು. ನಡೀಲಿಲ್ಲ. ವಯಸ್ಸು ಚಿಕ್ಕದಿತ್ತು ಅನ್ನಾಕೂ ಇಲ್ಲ, ನಂಗಾಗ ನಲವತ್ತು ದಾಟಿತ್ತು.

ಹೋದ್ ತಿಂಗ್ಳು ಚೈತ್ರ ಫೋನಲ್ಲಿ ಒಂದು ಮಾಯ ತೋರ್ಸುದ್ಳು. ಯಾವ ಭಾಸೆ ಅಕ್ಷರದ ಮ್ಯಾಲೆ ಹಿಡುದ್ರೂ ಕನ್ನಡ ಆಗ್ತದೆ. ಅವ್ಳು ಕಾಲೇಜಿಗೆ ಹೋದ್ಮ್ಯಾಲೆ ಬಾಗ್ಲಾಕ್ಕೊಂಡು ಬುಕ್ ತಗುದೆ. ಆ ತೋಳಿನ ಹಾಳೆ ಮ್ಯಾಲೆ ಫೋನ್ ಹಿಡುದೆ. ಕನ್ನಡದಲ್ಲಿ ಬಂತು: ಈ ಜಾಲರಿಗಳನ್ನು ಬೇರೆಯಾಗಿ ಮಾಡಿ, ತೋಳಿಗೆ ಸಡಿಲ ಹೊಲಿಗೆ ಹಾಕಿ ನಿಲ್ಲಿಸುತ್ತಿದ್ದರು, ಒಗೆಯಲು ಬಿಚ್ಚಿ ತೆಗೆಯುತ್ತಿದ್ದರು.

ಬಿಚ್ಚಿ ತಗೀಬೋದಿತ್ತು! ಊಟಕ್ಕೆ ಮುಂಚೆ ದಾರ ಎಳುದಿದ್ರೆ ಮುಗ್ದೋಗ್ತಿತ್ತು. ನಂಗೆ ಮೊದ್ಲು ನಗು ಬಂತು, ಜೋರಾಗಿ. ಆಮ್ಯಾಲೆ ಆ ಹಾಳೆ ಮ್ಯಾಲೆ ಇನ್ನೊಂದ್ಸಲ ಫೋನ್ ಹಿಡುದು ಓದ್ದೆ. ಚಿತ್ರ ಇನ್ನೊಂದ್ಸಲ ಸರಿಯಾಗಿ ನೋಡಿದ್ರೆ ಆ ಹುಡುಗಿಗೆ ಹೊಳೀತಿತ್ತು. ಅವ್ಳು ಕೇಳಿದ್ದೂ ಅಷ್ಟೇ — ಇನ್ನೊಂದ್ಸಲ ನೋಡ್ತೀನಿ ಕೊಡು. ಅಷ್ಟೇ.

ಮಾರನೇ ದಿನ ಬುಕ್ಕ ಚೀಲಕ್ಕಾಕ್ಕೊಂಡು ಬಸ್ ಹತ್ತುದೆ. ಪಾಂಡವಪುರ, ಕೆ.ಆರ್. ಪೇಟೆ, ಶೀಳನೆರೆ. ಮೂರು ಕಡೆ ಇಳುದು ವಾಪಸ್ ಹೋಗ್ಬುಡಾನ ಅನ್ನುಸ್ತು.

ಸುಸೀಲಿ ಹಸುವ ಮೇವಿಗೆ ಕಟ್ಟಿ ಬರ್ತಿದ್ಳು. “ಇದೇನತ್ಗೆ, ಫೋನ್ ಇಟ್ಕೊಂಡು ಹೇಳ್ದೆ ಕೇಳ್ದೆ ಬಂದ್ಬುಟ್ಟೆ?” ಅಂದ್ಳು. ನಾನು ಬುಕ್ ತಗುದು ಜಗ್ಲಿ ಮ್ಯಾಲಿಟ್ಟೆ.

ನೋಡುದ್ಳು. ಮುಟ್ನಿಲ್ಲ. ಸೀರೆ ಸೆರಗ್ನಲ್ಲಿ ಕೈ ಒರ್ಸ್ಕೊಂಡ್ಳು, ಮತ್ತೂ ಒರ್ಸ್ಕೊಂಡ್ಳು.

“ಅವ್ವ ಸುಡ್ಲಿಲ್ವಾ?”

“ಇಲ್ಲ.”

“ಅವ್ವಂಗೆ ಗೊತ್ತಿತ್ತಾ?”

“ಇಲ್ಲ ಕಣವ್ವ. ಸುಸೀಲಿಗೆ ನಾನೇನ್ ಅನ್ಯಾಯ ಮಾಡ್ದೆ ಅಂತ ನನ್ನ ಕೇಳುದ್ರು. ನಾನು ಗೊತ್ತಿಲ್ಲ ಅಂದೆ.”

ಒಳಕ್ಕೋದ್ಳು. ನೀರು ತತ್ತಾಳೆ ಅಂದ್ಕೊಂಡೆ, ತರ್ನಿಲ್ಲ. ಒಳ್ಗೆ ಅಳೋ ಸದ್ದು ಕೇಳ್ತು. ಅವ್ಳ ಸೊಸೆ ಓಡೋಗಿ ಬಾಗ್ಲು ತಟ್ಟುದ್ಳು, ತಗೀಲಿಲ್ಲ. ನಾನು ಅಲ್ಲೇ ಕುಂತಿದ್ದೆ. ಎದ್ದು ಹೋಗಾಕೂ ಯೋಗ್ತೆ ಬೇಕಲ್ಲ.

ಬಿಸ್ಲು ಜಗ್ಲಿ ದಾಟಿ ಅಂಗ್ಳಕ್ಕೆ ಇಳ್ದಾಗ ಬಂದ್ಳು. ಮೊಕ ತೊಳ್ಕೊಂಡಿದ್ಳು. ಬುಕ್ ತಗೊಂಡು ಒಂದೊಂದೇ ಹಾಳೆ ತಿರುವುದ್ಳು. ಎಲ್ಲೆಲ್ಲೂ ನನ್ ಅರಿಸಿನದ ಬೆಳ್ಳಿನ ಗುರ್ತು.

“ದಿನಾ ನೋಡಿದ್ದೀಯ,” ಅಂದ್ಳು.

“ಹೂಂ.”

“ನಾನಿಲ್ಲಿ ನಲವತ್ತಾರು ವರ್ಸದಿಂದ ಎಲ್ಲಾರ್ಗೂ ಹೇಳ್ಕೊಂಡಿವ್ನಿ. ಗಂಡಂಗೆ, ಮಕ್ಳಿಗೆ, ಓರಗಿತ್ತೀರ್ಗೆ — ನಮ್ಮವ್ವ ಕಲ್ಲೆದೆಯೋಳು, ಮಗ್ಳ ಆಸೇನ ಒಲೆಗಾಕ್ದೋಳು ಅಂತ. ನಂಗೊಬ್ಳಿಗೆ ಹೇಳುದ್ರೆ ಆಯ್ತಾ? ಅವ್ರಿಗೆಲ್ಲ ಯಾರ್ ಹೇಳ್ತಾರೆ?”

“ನಾನೇ ಹೇಳ್ತೀನಿ.”

“ಹೇಳ್ಬ್ಯಾಡ, ಬರಿ. ಫೋನಲ್ಲಿ ಕುಟ್ಟಾಕೆ ಕಲ್ತಿದ್ದೀಯಲ್ಲ, ಬರಿ. ನಾಗಮಂಗಲದೋರೂ ಓದ್ಲಿ, ಪಾಂಡವಪುರದೋರೂ ಓದ್ಲಿ. ನಮ್ಮವ್ವನ ಹೆಸ್ರಿಗೆ ಹತ್ತಿದ ಮಸಿ ತೊಳುದೋಗ್ಲಿ.”

ಬಸ್ಗೆ ಹೊತ್ತಾಯ್ತು ಅಂತ ಎದ್ದೆ. ಬಾಗ್ಲ ತಾವ ಬಂದು ನಿಂತ್ಕೊಂಡು, ಎತ್ಲಾಗೋ ನೋಡ್ತಾ ಅಂದ್ಳು: “ಈ ಸಲ ಪಿತೃಪಕ್ಷದಲ್ಲಿ ಎಡೆಗಿಡೋ ಹೊಸ ರವಿಕೆಯ ಅಂಗ್ಡೀಲಿ ಹೊಲ್ಸ್ಬ್ಯಾಡಿ. ಅವ್ವಂಗೆ ನಾನು ಹೊಲೀತೀನಿ.”

“ಅಳ್ತೆ?” ಅಂದೆ.

“ನಮ್ಮವ್ವನ ಅಳ್ತೆ ನಂಗೊತ್ತಿಲ್ವಾ?”

ಅದ್ಕೇ ಬರ್ದಿವ್ನಿ. ನಮ್ಮತ್ತೆ ಒಳ್ಳೇರು. ಬಾಯಿ ಜೋರು, ಕೈ ಮೆದು. ಮಗ್ಳ ಬುಕ್ಕ ಅವ್ರು ಸುಡ್ಲಿಲ್ಲ. ಇದ ಓದ್ದೋರು ಶೀಳನೆರೆ ಕಡೆ ಯಾರಾರ ಅಂಗಂದ್ರೆ, ಇಲ್ಲ ಅನ್ನಿ. ಸುಟ್ಟೋಳು ಅಂತ ಬೇಕಾದ್ರೆ ನನ್ ಹೆಸ್ರೇಳಿ — ಬುಕ್ಕು ಉಳೀತು, ಉಳ್ದಿದ್ದೆಲ್ಲ ನಾನೇ ಸುಟ್ಟಿದ್ದು.

ಇಷ್ಟ ಬರ್ದು, ಎಲ್ಲಾರ್ಗೂ ಕಳ್ಸೋಕೆ ಮುಂಚೆ ಸುಸೀಲಿಗೆ ಕಳ್ಸುದೆ. ಅವ್ಳ ಸೊಸೆ ಓದಿ ಹೇಳುದ್ಳಂತೆ. ಅರ್ಧ ಗಂಟೆ ಕಾದೆ. ಆಮ್ಯಾಲೆ ಅವ್ಳೇ ಫೋನ್ ಮಾಡುದ್ಳು.

“ಕೇಳ್ದೆ. ಕಳ್ಸು ಎಲ್ಲಾರ್ಗೂ. ಆದ್ರೂ ನೀನು ಭಾರೀ ಕಿಲಾಡಿ ಅತ್ಗೆ, ನಿನ್ನ ನೀನೇ ಎಲ್ಲಾ ಬೈಕೊಂಡು ನಂಗೆ ಬೈಯಾಕೆ ಒಂದ್ ಮಾತೂ ಉಳ್ಸಿಲ್ಲ. ಅಂಗೆಲ್ಲ ಬುಡಾಕಿಲ್ಲ ನಾನು. ಭಾನ್ವಾರ ಮೊದುಲ್ನೇ ಬಸ್ಗೇ ಬಾ. ಒಂದ್ ದಿನದಲ್ಲಿ ಬೈದು ಮುಗ್ಯಾಕಿಲ್ಲ, ಉಡಾಕೆ ಎರಡು ಸೀರೆ ತಕ್ಕಬಾ.”