ಹೌದು ಎಂದವರ ಪಟ್ಟಿ

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಮೀಟರಕ್ಕ ಎಂದೇ ಕರೆಯುತ್ತಿದ್ದರು. ಮನೆಮನೆಯ ನೀರಿನ ಮೀಟರು ಓದಿ ಬರೆದುಕೊಳ್ಳುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಅದೇ ನಾಲ್ಕು ಬೀದಿ, ಅದೇ ನಾನೂರ ಹನ್ನೆರಡು ಮನೆ. ಮೀಟರುಗಳೆಲ್ಲ ಮೆಟ್ಟಿಲ ಕೆಳಗೋ ಕಾಂಪೌಂಡಿನ ಮೂಲೆಯಲ್ಲೋ ಇರುತ್ತವಾದ್ದರಿಂದ ದಿನಕ್ಕೆ ಐವತ್ತು ಅರವತ್ತು ಸಲ ಬಗ್ಗಿ ಏಳಬೇಕು. ವಯಸ್ಸು ಐವತ್ತು ದಾಟಿದ ಮೇಲೆ ಮಂಡಿ ಅವರ ಮಾತು ಕೇಳುವುದನ್ನು ಬಿಟ್ಟಿತ್ತು. "ಬಗ್ಗೋದಕ್ಕೇನೂ ತೊಂದ್ರೆ ಇಲ್ಲಪ್ಪ, ಏಳೋದಕ್ಕೆ ಮಾತ್ರ ಅರ್ಜಿ ಹಾಕ್ಕೋಬೇಕು" ಎಂದು ನಗುತ್ತಿದ್ದರು. ಯಾವ ಮನೆಯ ನಲ್ಲಿ ಸೋರುತ್ತದೆ, ಯಾರ ಮನೆಗೆ ನೆಂಟರು ಬಂದು ಠಿಕಾಣಿ ಹೂಡಿದ್ದಾರೆ, ಯಾವ ಮನೆಯಲ್ಲಿ ಒಂದು ಜೀವ ಕಡಿಮೆಯಾಗಿದೆ, ಎಲ್ಲವೂ ಅವರಿಗೆ ಮೀಟರಿನ ಅಂಕಿಯಲ್ಲೇ ತಿಳಿಯುತ್ತಿತ್ತು. ತಿಳಿದದ್ದನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಒಯ್ದವರಲ್ಲ.

ನನ್ನದು ಅದೇ ಬೀದಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಎದುರಿಗೇ ಮೀಟರಕ್ಕನ ಮನೆ. ಅವರು ಮದುವೆಯಾಗಲಿಲ್ಲ, ಒಡಹುಟ್ಟಿದ ಅಕ್ಕನ ಜೊತೆಗೇ ಇದ್ದರು. ಆ ಅಕ್ಕನನ್ನು ನಾವು ದೊಡ್ಡಕ್ಕ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಆತನ ಬೈಂಡಿಂಗ್ ಕೆಲಸವನ್ನು ದೊಡ್ಡಕ್ಕನೇ ಮುಂದುವರಿಸಿದ್ದರು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಯುದ್ದಕ್ಕೂ ರಟ್ಟು, ಅಂಟಿನ ಡಬ್ಬ, ಶಾಲೆ ಕಚೇರಿಗಳಿಂದ ಬಂದ ರಿಜಿಸ್ಟರುಗಳ ರಾಶಿ. ನಡುವೆ ಕಾಗದ ಕತ್ತರಿಸುವ ಯಂತ್ರ. ಎರಕದ ಕಬ್ಬಿಣದ್ದು, ಎಮ್ಮೆಯಷ್ಟು ಭಾರ. ಅದರ ಹಿಡಿ ಎಳೆದಾಗಲೆಲ್ಲ ಆಗುವ ಗರಕ್ ಎಂಬ ಸದ್ದು ರಸ್ತೆ ದಾಟಿ ನನ್ನ ಮೇಜಿಗೂ ಕೇಳುತ್ತಿತ್ತು.

ಆ ವರ್ಷ ಮೀಟರಕ್ಕನ ಕಚೇರಿಗೆ ಮೇಲಿನಿಂದ ಒಂದು ಆದೇಶ ಬಂತು. ವಾರ್ಡಿನ ಮುಂದಿನ ಹತ್ತು ವರ್ಷದ ಅಭಿವೃದ್ಧಿ ಯೋಜನೆ ತಯಾರಾಗಬೇಕು, ಈ ಸಲ ಅದನ್ನು ಜನರನ್ನು ಕೇಳಿಯೇ ಮಾಡಬೇಕು ಎಂದು. ಕೇಳುವವರು ಯಾರು? ಅಪರಿಚಿತರು ಬಾಗಿಲು ತಟ್ಟಿದರೆ ಜನ ಕಿಟಕಿಯಿಂದಲೇ ಸಾಗಹಾಕುತ್ತಾರೆ. ಮೀಟರಕ್ಕನಿಗಾದರೆ ಎಲ್ಲ ಬಾಗಿಲೂ ತೆರೆಯುತ್ತದೆ. ಒಂದು ದಿನದ ತರಬೇತಿ, ಎರಡು ಲೋಟ ಚಹಾ, ಒಂದು ಕಟ್ಟು ನಮೂನೆ ಕೊಟ್ಟು ಕಳಿಸಿದರು. ನಮೂನೆಯಲ್ಲಿ ಹದಿನಾರು ಪ್ರಶ್ನೆ. ಎಲ್ಲಕ್ಕೂ ಹೌದು ಅಥವಾ ಇಲ್ಲ, ಗುರುತು ಹಾಕಿದರಾಯಿತು. ಕೊನೆಯಲ್ಲಿ 'ಇತರೆ ಸಲಹೆಗಳು' ಎಂದು ಎರಡು ಗೆರೆ ಬಿಟ್ಟಿದ್ದರು.

ಬೇರೆಯವರಾಗಿದ್ದರೆ ಹೊಸಿಲಲ್ಲೇ ನಿಂತು ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ಮೀಟರಕ್ಕ ಒಳಗೆ ಹೋಗಿ ಕೂತರು. ನಿವೃತ್ತ ಮೇಷ್ಟ್ರು ಬಸ್ ನಿಲ್ದಾಣದಲ್ಲಿ ಒಂದು ಬೆಂಚು ಬೇಕು ಎಂದರು, ನಿಂತು ನಿಂತು ಅವರ ಕಾಲು ಊದಿಕೊಳ್ಳುತ್ತಿತ್ತು. ಕ್ಷೌರದಂಗಡಿಯವನು ಚರಂಡಿಗೆ ಚಪ್ಪಡಿ ಹಾಸಿ ಎಂದ. ಮೂಲೆಮನೆಯ ಅಜ್ಜಿಯದು ಬೀದಿದೀಪದ ತಕರಾರು. ಅದರ ಬೆಳಕು ನೇರವಾಗಿ ತನ್ನ ಹಾಸಿಗೆಗೇ ಬೀಳುತ್ತದೆ, ಕಂಬವನ್ನು ನಾಲ್ಕು ಹೆಜ್ಜೆ ಆಚೆ ಸರಿಸಿ ಎಂದಳು. ಎರಡು ಗೆರೆ ಸಾಲದಾದಾಗ ಮೀಟರಕ್ಕ ಹಾಳೆ ತಿರುವಿ ಹಿಂದುಗಡೆ ಬರೆದರು. ಸಣ್ಣ, ದುಂಡು ಅಕ್ಷರ. ಜನ ಹೇಳಿದ್ದನ್ನು ಜನ ಹೇಳಿದ ಹಾಗೆಯೇ. ಎರಡು ತಿಂಗಳು ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಿರುಗಿದರು.

"ಇಷ್ಟು ವರ್ಷ ಮನೆಮನೆಗೆ ಹೋಗಿ ಅಂಕಿ ಬರ್ಕೊಂಡೆ" ಎಂದು ಒಮ್ಮೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದರು. "ಮೊದಲ್ನೇ ಸಲ ಮಾತು ಬರ್ಕೊಳ್ತಿದೀನಿ ನೋಡು."

ಹದಿಮೂರನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಬೀದಿಯ ರಸ್ತೆ ಅಗಲವಾಗಬೇಕೆಂದು ಬಯಸುತ್ತೀರಾ? ನಾನು ಹೌದು ಎಂದೆ. ಸಾಮಾನಿನ ಗಾಡಿಯೊಂದು ಬಂದು ನಿಂತರೆ ಆ ಬೀದಿಯಲ್ಲಿ ಸೈಕಲ್ಲಿಗೂ ದಾರಿ ಇರುತ್ತಿರಲಿಲ್ಲ. ಮೇಷ್ಟ್ರು ಹೌದು ಎಂದರು. ಕ್ಷೌರದಂಗಡಿಯವನೂ ಹೌದು ಎಂದ. ತಮ್ಮ ಮನೆಯ ನಮೂನೆ ತುಂಬುವಾಗ ಮೀಟರಕ್ಕ ಅಕ್ಕನನ್ನೂ ಅಷ್ಟೇ ಶಾಸ್ತ್ರೋಕ್ತವಾಗಿ ಕೇಳಿದರಂತೆ.

"ನಿನ್ನ ಭಾವನ್ನ ಕುರ್ಚಿ ಮೇಲೆ ಕೂರಿಸ್ಕೊಂಡು ಬೀದಿ ತುದೀವರ್ಗೂ ಹೊತ್ಕೊಂಡು ಹೋದ್ರಲ್ಲ, ಮರ್ತೋಯ್ತಾ?" ಎಂದಿದ್ದರು ದೊಡ್ಡಕ್ಕ. "ಆಂಬುಲೆನ್ಸು ಒಳಗೆ ಬರೋ ಹಾಗಿದ್ದಿದ್ರೆ ಇನ್ನೊಂದಷ್ಟು ದಿನ ಇರ್ತಿದ್ರೋ ಏನೋ. ಹೌದು ಅಂತ ಹಾಕು ಪುಟ್ಟಿ. ದಪ್ಪಗೆ ಹಾಕು."

ಮೀಟರಕ್ಕ ಗುರುತು ಹಾಕಿದರು.

ಎಂಟು ತಿಂಗಳ ಮೇಲೆ ಯೋಜನೆಯ ಕರಡು ಸಿದ್ಧವಾಯಿತು. ಕಚೇರಿಯ ಸಭಾಂಗಣದಲ್ಲಿ ನಕ್ಷೆ ತೂಗುಹಾಕಿದ್ದಾರೆ, ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ ಕೊಡಬೇಕಂತೆ ಎಂದು ಸುದ್ದಿ ತಂದವರು ಮೇಷ್ಟ್ರು. ನಾವೊಂದಷ್ಟು ಜನ ಹೋದೆವು. ಗೋಡೆ ತುಂಬ ಬಣ್ಣಬಣ್ಣದ ನಕ್ಷೆ. ಅದರಲ್ಲಿ ನಮ್ಮ ಬೀದಿ ಯಾವುದೆಂದು ನಮಗೇ ಗೊತ್ತಾಗಲಿಲ್ಲ. ಮೀಟರಕ್ಕ ಮೂಗು ತಾಗುವಷ್ಟು ಹತ್ತಿರ ನಿಂತು, ನೀರಿನ ಟ್ಯಾಂಕಿನಿಂದ ಶುರುಮಾಡಿ ಒಂದೊಂದೇ ಮನೆಯ ಮೇಲೆ ಬೆರಳಿಡುತ್ತ ಬಂದರು. ತಮ್ಮ ಮನೆಗೆ ಬಂದಾಗ ಬೆರಳು ನಿಂತಿತು. ಅವರ ಸಾಲಿನ ಮೂವತ್ತೆಂಟು ಮನೆಗಳ ಒಳಗೆ, ಮುಂಗೋಡೆಯಿಂದ ಹನ್ನೊಂದು ಅಡಿ ಹಿಂದಕ್ಕೆ, ಒಂದು ಕೆಂಪು ಗೆರೆ ನೆಟ್ಟಗೆ ಹಾದುಹೋಗಿತ್ತು. ನಮ್ಮ ಸಾಲಿನ ನೆಲದಡಿ ದೊಡ್ಡ ಕೊಳವೆ ಇದ್ದುದರಿಂದ ಈಚೆ ಕಡೆ ಮುಟ್ಟಿರಲಿಲ್ಲ. ನಕ್ಷೆಯ ಕೆಳಗೆ ಅಚ್ಚಾಗಿತ್ತು: 'ಜನಾಭಿಪ್ರಾಯ: ರಸ್ತೆ ಅಗಲೀಕರಣಕ್ಕೆ ಶೇಕಡ ತೊಂಬತ್ತೊಂದು ಮಂದಿಯ ಒಪ್ಪಿಗೆ.'

ಕ್ಷೌರದಂಗಡಿಯವನ ಅಂಗಡಿಯೂ ಆ ಸಾಲಿನಲ್ಲೇ ಇತ್ತು. ಅವನ ಅಂಗಡಿಯ ಉದ್ದವೇ ಹನ್ನೆರಡು ಅಡಿ. "ಗುರುತು ಹಾಕ್ಕೊಂಡಿದ್ದು ನೀವೇ ಅಲ್ವಾ ಅಕ್ಕ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

ಮಾರನೆಯ ದಿನ ಅವರು ಯೋಜನಾಧಿಕಾರಿಯನ್ನು ಕಂಡರು. ಅಲ್ಲಿ ನಡೆದದ್ದನ್ನು ನನಗೆ ಅವರೇ ಹೇಳಿದ್ದು. ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟು ಕೂರಿಸಿದನಂತೆ.

"ಸರ್, ರಸ್ತೆ ಅಗಲ ಆಗ್ಲಿ ಅಂದ್ರು ಜನ. ಮನೆ ಒಡೀರಿ ಅಂದಿರ್ಲಿಲ್ಲ."

"ಅಗಲ ಆಗ್ಬೇಕು ಅಂದ್ರೆ ಎಲ್ಲಿಂದಾದ್ರೂ ಜಾಗ ಬರ್ಬೇಕಲ್ಲಮ್ಮ."

"ಹಂಗಂತ ಪ್ರಶ್ನೇಲಿ ಬರ್ದಿರ್ಲಿಲ್ವಲ್ಲ ಸರ್."

"ಬರೀಬೇಕಿತ್ತೇನೋ. ಆದ್ರೆ ಪ್ರಶ್ನೆ ಮಾಡಿದ್ದು ನಾನಲ್ಲ, ನಮಗೂ ಮೇಲಿಂದ ಹಾಗೇ ಬಂದಿದ್ದು."

"ಹೋಗ್ಲಿ, ಹಿಂದುಗಡೆ ಬರ್ದಿದ್ದೀನಲ್ಲ, ಅದನ್ನಾದ್ರೂ ನೋಡಿ. ಮನೆಗೆ ತೊಂದ್ರೆ ಆಗ್ದಂಗೆ ಅಂತ ಎಷ್ಟೋ ಜನ ಹೇಳಿದಾರೆ. ಒಬ್ಬೊಬ್ಬರ್ದೂ ಬರ್ದಿದೀನಿ."

ಅಧಿಕಾರಿ ಗಣಕಯಂತ್ರದ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದ. ನಮೂನೆಗಳ ಮುಂಭಾಗವನ್ನು ಮಾತ್ರ ಒಳಗೆ ಸೇರಿಸಿದ್ದರು. 'ಇತರೆ ಸಲಹೆಗಳು' ಎಂಬುದಕ್ಕೆ ಸಂಕೇತ ಸಂಖ್ಯೆಯೇ ಇರಲಿಲ್ಲವಾದ್ದರಿಂದ ಆ ಎರಡು ಗೆರೆಯೂ ಒಳಗೆ ಹೋಗಿರಲಿಲ್ಲ. ಹಾಳೆಗಳು ಪಕ್ಕದ ಕೋಣೆಯ ಕಪಾಟಿನ ಮೇಲೆ ಕಟ್ಟುಕಟ್ಟಾಗಿ ಇದ್ದವು. ಕೆಳಗಿನಿಂದಲೇ ಮೀಟರಕ್ಕನಿಗೆ ತಮ್ಮ ಅಕ್ಷರ ಕಾಣಿಸಿತು. "ವಾಪಸ್ ಕೊಡ್ತೀರಾ ಸರ್?" ಎಂದು ಕೇಳಿದರೆ, "ಅದು ಕಚೇರಿಯ ದಾಖಲೆ, ಕೊಡೋ ಹಾಗಿಲ್ಲಮ್ಮ" ಎಂದನಂತೆ. ಆಕ್ಷೇಪಣೆಯ ಖಾಲಿ ನಮೂನೆ ಬೇಕಾದರೆ ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಿ ಎಂದು ಒಂದು ಕಟ್ಟು ಕೊಟ್ಟ.

ಮೀಟರಕ್ಕ ರಜೆ ಹಾಕಿ ಮತ್ತೆ ಮನೆಮನೆ ಹತ್ತಿ ಇಳಿದರು. ಆದರೆ ಈ ಸಲ ಬಾಗಿಲುಗಳು ಮೊದಲಿನ ಹಾಗೆ ತೆರೆಯಲಿಲ್ಲ. ಅವರು ಚೀಲದಿಂದ ಹಾಳೆ ತೆಗೆದರೆ ಸಾಕು, ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

"ಹೋದ್ಸಲ ಹೌದು ಅಂದಿದ್ದಕ್ಕೆ ಹನ್ನೊಂದು ಅಡಿ ಹೋಯ್ತು. ಈ ಸಲ ಸಹಿ ಹಾಕಿದ್ರೆ ಮಿಕ್ಕಿದ್ದೂ ಹೋಗುತ್ತೋ ಏನೋ ತಾಯಿ. ನಮ್ ಪಾಡಿಗೆ ನಮ್ಮನ್ನ ಬಿಟ್ಬಿಡು" ಎಂದಳು ಮೂಲೆಮನೆಯ ಅಜ್ಜಿ.

ಮೂವತ್ತೆಂಟರಲ್ಲಿ ಇಪ್ಪತ್ತಮೂರು ಮನೆಯವರು ಸಹಿ ಹಾಕಿದರು. ಎದುರು ಸಾಲಿನವರೂ ಜೊತೆಗೆ ನಿಂತರೆ ಅರ್ಜಿಗೆ ತೂಕ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರಿಂದ ಮೀಟರಕ್ಕ ನನ್ನ ಅಂಗಡಿಗೂ ಬಂದರು.

"ಯೋಚ್ನೆ ಮಾಡಿ ಹೇಳ್ತೀನಿ ಅಕ್ಕ" ಎಂದೆ.

ಯೋಚಿಸುವುದೇನೂ ಇರಲಿಲ್ಲ. ಬೀದಿ ಅಗಲವಾದರೆ ನನ್ನ ಅಂಗಡಿ ದೊಡ್ಡ ರಸ್ತೆಗೆ ಮುಖ ಮಾಡುತ್ತದೆ, ಹೋಗುವವರು ಬರುವವರು ಹೆಚ್ಚುತ್ತಾರೆ. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಅವರು ಇನ್ನೊಮ್ಮೆ ಬಂದರು. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾವುದೋ ಗಡಿಯಾರದೊಳಗೆ ಮುಖ ಹುದುಗಿಸಿ, ಈಗ ಕೈ ಬಿಡುವಿಲ್ಲ ಎಂದೆ. ಮೂರನೆಯ ಸಲ ಬಂದವರು ಏನೂ ಕೇಳಲಿಲ್ಲ, ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಂಡರು. ಆಗ ಸಹಿ ಹಾಕಿದೆ. ಧೈರ್ಯದಿಂದ ಹಾಕಿದ್ದಲ್ಲ. ಅವರು ಎದ್ದು ಹೋದರೆ ಸಾಕಾಗಿತ್ತು.

ಆಕ್ಷೇಪಣೆಗಳ ವಿಚಾರಣೆ ಒಂದು ಬೆಳಗ್ಗೆ ಹನ್ನೊಂದಕ್ಕೆ ಇತ್ತು. ವೇದಿಕೆಯ ಮೇಲೆ ಐದು ಜನ, ಮೇಜಿನ ಮೇಲೊಂದು ಗಂಟೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಮೇಷ್ಟ್ರು ನಾಲ್ಕು ಪುಟ ಬರೆದುಕೊಂಡು ಬಂದಿದ್ದರು. ಗಣ್ಯರಿಗೆಲ್ಲ ವಂದನೆ ಹೇಳಿ ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಕ್ಷೌರದಂಗಡಿಯವನು ಎದ್ದು ನಿಂತು, "ಎಲ್ರೂ ಹೇಳಿದ್ದೇ ಸ್ವಾಮಿ" ಎಂದು ಕೂತುಬಿಟ್ಟ.

ಮೀಟರಕ್ಕನ ಸರದಿ ಬಂತು. ವೇದಿಕೆಯಿಂದ ಒಬ್ಬರು, "ನೀವು ನಮ್ಮ ಕಚೇರಿಯವರೇ ಅಲ್ವೇ? ನೀವು ಆಕ್ಷೇಪಣೆ ಮಾಡೋದು ಸರಿ ಕಾಣಲ್ಲ" ಎಂದರು.

"ಮನೆ ಇರೋಳಾಗಿ ಮಾತಾಡ್ತೀನಿ ಸರ್. ಎರಡು ನಿಮಿಷ ಬೇಡ, ಒಂದು ಸಾಕು."

ಅವರು ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. "ಜನ ಕೊಟ್ಟ ಉತ್ತರದಲ್ಲಿ ತಪ್ಪಿಲ್ಲ. ನಾನು ಕೇಳಿದ ಪ್ರಶ್ನೇನೇ ಅರ್ಧ ಇತ್ತು. ಪೂರ್ತಿ ಪ್ರಶ್ನೆ ಬರ್ದುಕೊಡಿ, ಇನ್ನೊಂದ್ಸಲ ಕೇಳ್ಕೊಂಡು ಬರ್ತೀನಿ. ರಜೆ ಹಾಕಿ ಹೋಗ್ತೀನಿ. ಆಮೇಲೂ ಜನ ಹೌದು ಅಂದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ."

ನಡುವೆ ಕೂತಿದ್ದ ಅಧ್ಯಕ್ಷರು ಗುಮಾಸ್ತನ ಕಡೆ ನೋಡಿದರು. ಆತ ತಾನು ಬರೆದುಕೊಂಡಿದ್ದನ್ನು ಓದಿ ಹೇಳಿದ: "ಸದರಿಯವರ ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ."

ಆಮೇಲೆ ಅಧ್ಯಕ್ಷರು, ಎದುರು ಸಾಲಿನವರು ಯಾರಾದರೂ ಮಾತನಾಡುವವರಿದ್ದೀರಾ ಎಂದು ಕೇಳಿದರು. ನಮ್ಮ ಸಾಲಿನ ಬಣ್ಣದಂಗಡಿಯವನು ಎದ್ದು, ರಸ್ತೆ ಊರಿಗೇ ಒಳ್ಳೆಯದು, ನಾವೆಲ್ಲ ಒಪ್ಪಿದ್ದೇವೆ ಎಂದ. ನಾವೆಲ್ಲ ಎನ್ನುವಾಗ ಅವನ ಕೈ ನಮ್ಮತ್ತ ತಿರುಗಿತ್ತು. ನಾನೊಬ್ಬ ಎದ್ದು ನಿಂತು 'ನಾನು ಒಪ್ಪಿಲ್ಲ' ಎಂದಿದ್ದರೆ ಅರ್ಧ ನಿಮಿಷದ ಕೆಲಸ. ಮೀಟರಕ್ಕ ತಿರುಗಿ ನನ್ನನ್ನು ನೋಡಿದರೆ ಏನು ಮಾಡುವುದೆಂದು ಹೆದರಿ ನೆಲ ನೋಡುತ್ತ ಕೂತೆ. ಅವರು ತಿರುಗಲಿಲ್ಲ.

ಅಂತಿಮ ಯೋಜನೆ ಪ್ರಕಟವಾದಾಗ ಹನ್ನೊಂದು ಅಡಿ ಹತ್ತಾಗಿತ್ತು. ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿ ಎಂದು ಬರೆದಿದ್ದರು. ದೊಡ್ಡಕ್ಕನ ಮುಂದಿನ ಕೋಣೆಯ ಉದ್ದ ಹತ್ತೂವರೆ ಅಡಿ.

ಅಳತೆಯವರು ಬಂದು ಗೋಡೆಗಳ ಮೇಲೆ ಗುರುತು ಬಳಿದು ಹೋದರು. ಮೀಟರಕ್ಕ ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದರು. ಅವರು ಗೇಟಿನ ಹತ್ತಿರ ಬರುತ್ತಿದ್ದಂತೆ ಕೆಲವರು ತಾವೇ ಮೀಟರು ನೋಡಿ ಕಿಟಕಿಯಿಂದ ಅಂಕಿ ಕೂಗಿ ಹೇಳುತ್ತಿದ್ದರು, ಒಳಗೆ ಬರುವುದೇ ಬೇಡ ಎನ್ನುವ ಹಾಗೆ. "ಒಳ್ಳೇದೇ ಆಯ್ತು, ಬಗ್ಗೋದು ತಪ್ತು" ಎಂದರು ನನ್ನ ಹತ್ತಿರ. ನಗಲಿಲ್ಲ.

ಗೋಡೆ ಕೆಡವುವ ಹಿಂದಿನ ದಿನ ಮಧ್ಯಾಹ್ನ ಯಂತ್ರವನ್ನು ಒಳಮನೆಗೆ ಸಾಗಿಸಲು ನಾಲ್ಕು ಜನ ಸೇರಿದೆವು. ಹಿಡಿ, ಚಕ್ರ, ಅಲಗು ಎಲ್ಲ ಬಿಚ್ಚಿದೆವು. ಕೆಳಗಿನ ಕಬ್ಬಿಣದ ಹಾಸು ಮಾತ್ರ ಒಂದೇ ಎರಕ, ಬಿಚ್ಚುವಂಥದ್ದಲ್ಲ. ಒಳಬಾಗಿಲಿಗಿಂತ ಅದು ನಾಲ್ಕು ಬೆರಳು ಅಗಲ. ಅಡ್ಡ ಮಾಡಿ ನೋಡಿದೆವು, ಓರೆ ಮಾಡಿ ನೋಡಿದೆವು. ಬಾಗಿಲಿನ ಚೌಕಟ್ಟು ಕೀಳೋಣವೆಂದರೆ, ಮುಂಗೋಡೆ ಹೋದ ಮೇಲೆ ಮಾಳಿಗೆಯ ಭಾರವೆಲ್ಲ ಆ ಗೋಡೆಯ ಮೇಲೇ ನಿಲ್ಲುವುದು, ಅದಕ್ಕೆ ಕೈ ಹಚ್ಚಬೇಡಿ ಎಂದ ಗಾರೆಯವನು. ದೊಡ್ಡಕ್ಕ ಯಂತ್ರವನ್ನೊಮ್ಮೆ ಬಾಗಿಲನ್ನೊಮ್ಮೆ ನೋಡಿದರು.

"ಬಿಡಿ, ಸುಸ್ತಾಗಿದೀರ. ನೀರು ಕುಡೀರಿ" ಎಂದರು.

ಗುಜರಿಯವನು ಸಂಜೆಗೆ ಮುಂಚೆಯೇ ಬಂದು ಹೇರಿಕೊಂಡು ಹೋದ.

ಎರಡು ದಿನ ಬಿಟ್ಟು ನಾನು ಹೋದಾಗ ಅಕ್ಕತಂಗಿಯರು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಶಾಲೆಯೊಂದರ ಅರವತ್ತು ರಿಜಿಸ್ಟರು ಕೊಡುವುದು ಬಾಕಿ ಇತ್ತಂತೆ. ದೊಡ್ಡಕ್ಕ ಉಕ್ಕಿನ ಅಳತೆಪಟ್ಟಿ ಇಟ್ಟು ಚೂರಿಯಿಂದ ಕಾಗದದ ಅಂಚು ಕೊಯ್ಯುತ್ತಿದ್ದರು. ಕೆಲಸಕ್ಕೆ ಹೋಗದೆ ಉಳಿದಿದ್ದ ಮೀಟರಕ್ಕ, ಮಡಚಲಾಗದ ಕಾಲನ್ನು ಒಂದು ಕಡೆ ಚಾಚಿ, ಎರಡೂ ಕೈಯಿಂದ ಪಟ್ಟಿಯನ್ನು ಒತ್ತಿ ಹಿಡಿದಿದ್ದರು. ಒಂದು ಸಲಕ್ಕೆ ಆರೇಳು ಹಾಳೆಗಿಂತ ಹೆಚ್ಚು ಕೊಯ್ಯಲಾಗುತ್ತಿರಲಿಲ್ಲ. ಹೊರಗೆ ರಸ್ತೆಯ ಯಂತ್ರದ ಸದ್ದಿಗೆ ಪಾತ್ರೆಗಳು ಅದುರುತ್ತಿದ್ದವು.

"ಗಟ್ಟಿಯಾಗಿ ಹಿಡ್ಕೋ ಪುಟ್ಟಿ, ಜಾರ್ತಾ ಇದೆ."

"ಹಿಡ್ಕೊಂಡೇ ಇದೀನಿ ಅಕ್ಕ" ಎಂದರು ಮೀಟರಕ್ಕ. ನನ್ನನ್ನು ನೋಡಿ, ಆ ಕಡೆ ಗೋಡೆಗೆ ಒರಗಿಸಿದ್ದ ಮಣೆಯತ್ತ ಗಲ್ಲದಿಂದಲೇ ತೋರಿಸಿ ಕೂರಲು ಹೇಳಿದರು. ಕೂತೆ. ಕೊಯ್ದ ಹಾಳೆಗಳನ್ನು ಎತ್ತಿ ಎತ್ತಿ ಜೋಡಿಸಿದೆ.