ಗೋಧಿ ಹೊಲದಲ್ಲಿ ಅಕ್ಕ ಸುತ್ತಿದ ಚಕ್ರ

ತೊಂಬತ್ತರ ದಶಕದ ಆರಂಭ. ಏಕಸಂಬಿಯಿಂದ ಚಿಕ್ಕೋಡಿಯ ಕಾಲೇಜಿಗೆ ನಾನು ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಂದು ಸಂಜೆ ಶೇಂಗಾ ಕಟ್ಟಿಕೊಟ್ಟ ಮರಾಠಿ ಪತ್ರಿಕೆಯ ಹಾಳೆಯಲ್ಲಿ ವಿಚಿತ್ರ ಚಿತ್ರವೊಂದು ಕಂಡಿತು. ಇಂಗ್ಲೆಂಡಿನ ಗೋಧಿ ಹೊಲದ ನಡುವೆ ದೊಡ್ಡದೊಂದು ವೃತ್ತ, ಸುತ್ತಲೂ ಸಣ್ಣ ವೃತ್ತಗಳು, ಅವನ್ನು ಕೂಡಿಸುವ ನೇರ ದಾರಿಗಳು; ಪಕ್ಕದಲ್ಲಿ ಮಲಗಿದ ದಂಟುಗಳದೇ ಹತ್ತಿರದ ಚಿತ್ರ. ಆಕಾಶದಿಂದ ಯಾರೋ ಇಳಿದು ಬಿಡಿಸಿರಬೇಕು ಎಂದು ಬರೆದಿದ್ದರು.

ಮನೆಗೆ ಬಂದು ಅಕ್ಕನಿಗೆ ತೋರಿಸಿದೆ. ರಂಗೋಲಿಯಲ್ಲಿ ಅವಳದು ಇಡೀ ಓಣಿಗೇ ಎತ್ತಿದ ಕೈ.

"ಯಾರೂ ಇಳದಿಲ್ಲ ಬಿಡೋ. ನಡಕ ಗೂಟ ಹೊಡದು ಹಗ್ಗ ತಿರುಗಸ್ಯಾರ. ದಂಟು ನೋಡ, ಮುರದಿಲ್ಲ, ಬುಡದಾಗ ಬಾಗ್ಯಾವ. ಎಲ್ಲಾ ಒಂದ ದಿಕ್ಕಿಗೆ ಸುತ್ತಿ ಮಲಗ್ಯಾವ," ಎಂದಳು.

ಅದೇ ವಾರ ಕಾಲವಲ್ಲದ ಕಾಲದಲ್ಲಿ ಗಾಳಿಮಳೆ ಬಂತು. ಕಾಳು ಕಟ್ಟಿದ್ದ ನಮ್ಮ ಗೋಧಿ ಹೊಲದ ನಡುಭಾಗ ನೆಲಕ್ಕೊರಗಿ ಅಡ್ಡಾದಿಡ್ಡಿ ಬಿತ್ತು. ಅಪ್ಪ ಬದುವಿನ ಮೇಲೆ ಕುಳಿತವನು ಊಟಕ್ಕೂ ಏಳಲಿಲ್ಲ.

"ಅಪ್ಪಾ, ಬಿದ್ದದ್ದರಾಗ ನಾ ಒಂದು ರಂಗೋಲಿ ಹಾಕ್ಲೇನು?" ಎಂದು ಅಕ್ಕ ಕೇಳಿದಳು.

"ಏನರ ಮಾಡ್ಕೋ ಹೋಗ," ಎಂದ, ತಲೆ ಎತ್ತದೆ.

ಮಣ್ಣು ಆರಿದ ಮೇಲೆ ನಾನೂ ಅಕ್ಕನೂ ಹೊಲಕ್ಕೆ ಹೋದೆವು. ನಡುವೆ ನಾನು ಗೂಟ ಹಿಡಿದು ನಿಂತೆ. ಅದಕ್ಕೆ ಕಟ್ಟಿದ ಬಾವಿಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ, ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡ ಅಕ್ಕ ಹಲಗೆಯಿಂದ ದಂಟುಗಳನ್ನು ಒತ್ತುತ್ತ ಒಳಗಿನಿಂದ ಹೊರಕ್ಕೆ ಸುತ್ತಿದಳು. ಸಿಕ್ಕಾದ ಕಡೆ ಬಗ್ಗಿ, ಕೂದಲು ಬಿಡಿಸಿದಂತೆ ಬಿಡಿಸಿ ತಿರುಗಿಸುತ್ತಿದ್ದಳು. ಅಂಚಿನಲ್ಲಿ ನಿಂತ ಪೈರು ಗೋಡೆ ಕಟ್ಟಿದಂತಿತ್ತು. ಆದರೆ ಕೆಳಗಿನಿಂದ ನೋಡಿದರೆ ಮಲಗಿದ ಗೋಧಿಯ ಹೊರತು ಏನೂ ಕಾಣದು. ಅಕ್ಕ ಬದುವಿನ ಮೇಲಿದ್ದ ಅಪ್ಪನ ಕೈ ಹಿಡಿದೆಳೆದು ಪಂಪಿನ ಮನೆಯ ಮೇಲೆ ಹತ್ತಿಸಿದಳು.

ಅಪ್ಪ ಕೆಳಗೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಏ, ಚಕ್ರನ ತಿರುಗಿದಂಗ ಕಾಣತೈತಲೇ!"

ಆ ನಗು ಕೇಳಿ ಪಕ್ಕದ ಹೊಲದ ಅಜ್ಜ ಓಡಿ ಬಂದ. "ಕಾಯ್ ಝಾಲಂ ಹೋ?" ಎಂದು ಮರಾಠಿಯಲ್ಲಿ ಕೇಳಿದ.

"ಏನೂ ಆಗಿಲ್ರಿ, ಮ್ಯಾಲ ಬರ್ರಿ, ನಮ್ಮ ಹುಡುಗಿ ರಂಗೋಲಿ ನೋಡ್ರಿ!"

ಮರುದಿನದಿಂದ ಜನ ಬರತೊಡಗಿದರು. ರಾಯಬಾಗದ ಬಸ್ಸಿನ ಟಾಪಿನ ಮೇಲೆ ಕುಳಿತವರು ಎದ್ದು ನಿಂತು ನೋಡುತ್ತಿದ್ದರು. ಬಂದವರಿಗೆಲ್ಲ ಅಮ್ಮ ಚಹಾ ಮಾಡಿ ಸುಸ್ತಾದಳು.

ಕೊಯ್ಲಿಗೆ ಬಂದ ಹೆಣ್ಣುಮಕ್ಕಳೂ ಖುಷಿಪಟ್ಟರು. "ಬಿದ್ದ ಬೆಳಿ ಕೊಯ್ಯೂದಂದ್ರ ನಡಾ ಮುರೀತೈತ್ರಿ. ಇದು ಒಂದ ಮಗ್ಗಲಾಗಿ ಮಲಗೈತಿ, ಕುಡುಗೋಲು ಸಲೀಸ ಹೊಂಟೈತಿ," ಎಂದು ಸುತ್ತುತ್ತಲೇ ಕೊಯ್ದರು. ಒಂದಿಷ್ಟು ಕಾಳು ಕಪ್ಪಾಗಿತ್ತು. ಉಳಿದದ್ದು ಮನೆಗೆ ಬಂತು.

ಮುಂದಿನ ವರ್ಷ ಅಕ್ಕ ಮದುವೆಯಾಗಿ ಅಥಣಿಗೆ ಹೋದಳು. ಆಮೇಲೆ ಆ ಹೊಲಕ್ಕೆ ಕಬ್ಬು ಬಂತು. ಆ ವರ್ಷ ಗೋಧಿ ಕೊಯ್ಲಿನ ಹಿಂದಿನ ಮಧ್ಯಾಹ್ನ ನಾನೂ ಅಕ್ಕನೂ ಚಕ್ರದ ನಡುವೆ ಅಂಗಾತ ಮಲಗಿದ್ದೆವು. ಬಿಸಿಲಿಗೆ ಕಾದ ದಂಟಿನ ವಾಸನೆ, ಮೇಲೆ ಬರೀ ಆಕಾಶ. ಏನು ಮಾತಾಡಿದೆವೋ ನೆನಪಿಲ್ಲ; ಅಮ್ಮ ಎರಡೆರಡು ಸಲ ಕೂಗಿದರೂ ಏಳಲು ಮನಸ್ಸಾಗಿರಲಿಲ್ಲ.