ಬೆಳಗಿಗೆ ಉಳಿಸಬಾರದ ಟಗರು

೧೯೯೮ರಲ್ಲಿ ಕಾನಹೊಸಹಳ್ಳಿ ಸೀಮೆಯ ಒಂದು ಪುಟ್ಟ ಚರ್ಚಿಗೆ ನನ್ನನ್ನು ಗುರುವಾಗಿ ಕಳಿಸಿದ್ದರು. ಭಾನುವಾರದ ಪೂಜೆಗೆ ಬರುತ್ತಿದ್ದುದು ಬೆರಳೆಣಿಕೆಯ ಕುಟುಂಬಗಳು. ಅವುಗಳಲ್ಲಿ ಲಾರಿ ಚಾಲಕ ಅಂತೋಣಪ್ಪನದೂ ಒಂದು.

ಆ ಬೇಸಿಗೆಯಲ್ಲಿ ಹೆದ್ದಾರಿಯಲ್ಲಿ ಅವನ ಲಾರಿ ಮಗುಚಿತು. ಮೊಣಕೈ ತರಚಿದ್ದು ಬಿಟ್ಟರೆ ಅವನಿಗೆ ಏನೂ ಆಗಲಿಲ್ಲ. ಮುಂದಿನ ಶನಿವಾರ ಹೆಂಡತಿ ಮರಿಯಮ್ಮನೊಂದಿಗೆ ಕೊಬ್ಬಿದ ಟಗರೊಂದನ್ನು ಚರ್ಚಿನ ಅಂಗಳಕ್ಕೇ ಎಳೆದು ತಂದ.

"ಫಾದರ್, ಹರಕಿ ಹೊತ್ತೀನ್ರಿ. ನಾಳಿ ಪೂಜಿಯಾಗ ಇದನ್ನ ದೇವರಿಗೆ ಕೊಡ್ರಿ."

ಕ್ರಿಸ್ತರು ಶಿಲುಬೆಯ ಮೇಲೆ ಒಮ್ಮೆಗೇ ಎಲ್ಲರಿಗಾಗಿ ಬಲಿಯಾದರು, ಪೂಜೆಯಲ್ಲಿ ನಾವು ಪಾಲ್ಗೊಳ್ಳುವುದು ಆ ಒಂದೇ ಬಲಿಯಲ್ಲಿ, ಇನ್ನು ಪ್ರಾಣಿಬಲಿ ಬೇಕಿಲ್ಲ ಎಂದೆ. ಅವನ ಮುಖ ಸಪ್ಪಗಾಯಿತು.

"ಹಂಗಾರ ಹಳೇ ಒಡಂಬಡಿಕ್ಯಾಗ ಕುರಿ, ಹೋರಿ ಅಂತ ಅಷ್ಟೊಂದು ಯಾಕ ಬರದಾರ್ರಿ? ಈಗ ನಮಗ ಅದರಾಗ ಏನೂ ಇಲ್ಲೇನು?"

ಪ್ರಶ್ನೆ ನ್ಯಾಯವಾದದ್ದೇ. ಇಬ್ಬರನ್ನೂ ಕೂರಿಸಿ, ಬೈಬಲಿನಲ್ಲಿ ಇಸ್ರಯೇಲರ ಬಲಿವಿಧಿಗಳಿರುವ ಯಾಜಕಕಾಂಡ ತೆಗೆದೆ. ದಹನಬಲಿಯಲ್ಲಿ ಪ್ರಾಣಿಯನ್ನು ಪೂರ್ತಿ ಸುಡುತ್ತಿದ್ದರು. ಶಾಂತಿಸಮಾಧಾನದ ಬಲಿಯಲ್ಲಿ ಹಾಗಲ್ಲ: ಕೊಬ್ಬು ದೇವರಿಗೆ, ಎದೆ ಮತ್ತು ತೊಡೆ ಬಲಿ ಅರ್ಪಿಸುವ ಯಾಜಕನಿಗೆ, ಉಳಿದದ್ದು ತಂದವನ ಊಟಕ್ಕೆ. ಅದನ್ನು ಕೃತಜ್ಞತೆಗಾಗಿ ಕೊಟ್ಟಿದ್ದರೆ ಮಾಂಸವನ್ನು ಅದೇ ದಿನ ಮುಗಿಸಬೇಕು. ಬೆಳಗಿಗೆ ಉಳಿಸುವಂತಿಲ್ಲ.

ಮರಿಯಮ್ಮ ನಕ್ಕಳು. "ಇಷ್ಟು ದೊಡ್ಡ ಟಗರು ಒಂದ ದಿನದಾಗ ಮುಗಸಾಕ ನಾವಿರೋದು ಇಬ್ರ ಅಲ್ರಿ!"

"ಜನರನ್ನು ಕರೆಯಲಿ ಅಂತಲೇ ಆ ನಿಯಮ ಇದ್ದೀತಮ್ಮ. ಪೂಜೆಯಲ್ಲಿ ನಾವು ಹಂಚಿಕೊಂಡು ಉಣ್ಣುವ ಪರಮಪ್ರಸಾದದ ಗ್ರೀಕ್ ಹೆಸರಿಗೂ ಕೃತಜ್ಞತೆ ಅಂತಲೇ ಅರ್ಥ. ಅದೂ ಒಬ್ಬರೇ ಕೂತು ಉಣ್ಣುವ ಊಟವಲ್ಲ."

ಅವಳು ಗಂಡನ ಕಡೆ ತಿರುಗಿದಳು. "ಹಂಗಾರ ಚಿನ್ನಪ್ಪನ್ನೂ ಕರೀಬೇಕು."

ಚಿನ್ನಪ್ಪ ಅವನ ತಮ್ಮ. ಪಕ್ಕದ ಮನೆ. ಬಚ್ಚಲ ನೀರು ಹರಿಯುವ ವಿಷಯಕ್ಕೆ ಜಗಳವಾಗಿ ಇಬ್ಬರೂ ವರ್ಷಗಳಿಂದ ಮಾತು ಬಿಟ್ಟಿದ್ದರು. ಅಂತೋಣಪ್ಪ ಎದ್ದು ಟಗರನ್ನು ಎಳೆದುಕೊಂಡು ಹೊರಟುಹೋದ.

ಭಾನುವಾರ ಅವನ ಹೆಸರಲ್ಲಿ ಕೃತಜ್ಞತೆಯ ಪೂಜೆ ಮುಗಿಸಿ, ಟಗರಿನ ಊಟಕ್ಕೆ ಅವನ ಮನೆಗೆ ಹೋದೆವು. ಚಿನ್ನಪ್ಪನ ಮನೆಯವರನ್ನು ಬಿಟ್ಟು ಓಣಿಯವರೆಲ್ಲ ಬಂದರು. ಮಾಂಸ ತಿನ್ನದ ಅಂಗಡಿ ಶರಣಪ್ಪನೂ ಮಂಡಕ್ಕಿ, ಮಿರ್ಚಿ ಹಿಡಿದು ಕಟ್ಟೆಯ ಮೇಲೆ ಕೂತ. ಮರಿಯಮ್ಮ ನನ್ನ ತಟ್ಟೆಗೆ ತೊಡೆಯ ದೊಡ್ಡ ತುಂಡು ಹಾಕಿ, "ಯಾಜಕರ ಪಾಲು, ಬ್ಯಾಡ ಅನ್ನಂಗಿಲ್ರಿ" ಎಂದಳು. ಎಲ್ಲರೂ ಉಂಡರೂ ಪಾತ್ರೆಯಲ್ಲಿ ಇನ್ನೊಂದು ಮನೆಯವರಿಗಾಗುವಷ್ಟು ಉಳಿದಿತ್ತು.

ಅಂತೋಣಪ್ಪ ಪಾತ್ರೆಯೊಳಗೆ ಇಣುಕಿ ನೋಡಿದ. ಆಮೇಲೆ ಎದ್ದು ಪಕ್ಕದ ಮನೆಯ ಬಾಗಿಲಿಗೆ ಹೋದ.

"ಲೇ ಚಿನ್ನಪ್ಪ, ಬಾ. ತಿನ್ನಾಕ ಮಂದಿ ಕಮ್ಮಿ ಬಿದ್ದಾರ."

ಒಳಗಿನಿಂದ ಉತ್ತರ ಬಂತು: "ಸಾರು ಉಳೀತು ಅಂತ ಈಗ ನನ್ನ ನೆನಪಾತೇನು?"

"ಲಾರಿ ಮಗುಚಿದಾಗೂ ನೀನ ನೆನಪಾದಿ."

ಸ್ವಲ್ಪ ಹೊತ್ತಿಗೆ ಚಿನ್ನಪ್ಪ ಹೆಂಡತಿ ಮಕ್ಕಳೊಂದಿಗೆ ಹೊರಗೆ ಬಂದ, ಕೈ ತೊಳೆದು ಅಣ್ಣನ ಪಕ್ಕ ಕೂತ. ಸಂಜೆಯ ಹೊತ್ತಿಗೆ ಪಾತ್ರೆ ಖಾಲಿಯಾಗಿತ್ತು.

ಆ ಹಳೆಯ ಬಲಿಗಳ ಅರ್ಥವನ್ನು ಸೆಮಿನರಿಯಲ್ಲಿ ಓದಿದ್ದೆ. ಅದು ನನಗೆ ಒಳಗಿಳಿದದ್ದು ಅಂದು. ನಿವೃತ್ತನಾಗುವವರೆಗೂ, ಕೃತಜ್ಞತೆಯ ಪೂಜೆ ಮಾಡಿಸಲು ಬಂದವರನ್ನು ನಾನು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಊಟಕ್ಕೆ ಯಾರನ್ನ ಕರೆದಿದ್ದೀರಿ?"